ಯಾರೂ ಹೊಲಿಸದ ರವಿಕೆ ಕಣ

ನಮ್ಮ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಸಾವೆಂಬುದೇ ಇಲ್ಲದ ವಸ್ತುವೊಂದಿದೆ. ಅದು ರವಿಕೆ ಕಣ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಕೊಡುವ ಆ ತುಂಡು ಬಟ್ಟೆಯನ್ನು ಕೊಂಡವರು ಹೊಲಿಸಲೆಂದು ಕೊಂಡಿರುವುದಿಲ್ಲ, ಕೊಡುವವರು ಹೊಲಿಸಿಕೊಳ್ಳಲಿ ಎಂದು ಕೊಡುವುದಿಲ್ಲ, ತೆಗೆದುಕೊಂಡವರಿಗೂ ಅಂಥ ಭ್ರಮೆಯೇನೂ ಇರುವುದಿಲ್ಲ. ಅದು ಬೀರುವಿನ ಕೆಳಗಿನ ಅರೆಗೆ ಹೋಗಿ, ಅಲ್ಲಿ ಆಗಲೇ ಬೀಡುಬಿಟ್ಟಿರುವ ತನ್ನ ಬಂಧುಬಳಗವನ್ನು ಸೇರಿಕೊಂಡು, ಮುಂದಿನ ಶ್ರಾವಣ ಶುಕ್ರವಾರಕ್ಕೆ ಮತ್ತೆ ಸಂಚಾರ ಹೊರಡುತ್ತದೆ. ನಮ್ಮ ಅತ್ತೆ ಒಮ್ಮೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ಗಿಳಿಹಸಿರು ಬಣ್ಣದ ಕಣವೊಂದರ ಅಂಚಿಗೆ ಕೆಂಪು ದಾರದಲ್ಲಿ ಸಣ್ಣದೊಂದು ಹೊಲಿಗೆ ಹಾಕಿ ಕಳಿಸಿದ್ದರು. ಮಲ್ಲೇಶ್ವರದಿಂದ ಹೊರಟ ಅದು ಎಲ್ಲೆಲ್ಲಿ ತಿರುಗಿತೋ, ಕೆಲವು ವರ್ಷಗಳಾದ ಮೇಲೆ ಮಂಡ್ಯದ ಮದುವೆಯೊಂದರಲ್ಲಿ ಅವರ ಮಡಿಲಿಗೇ ಬಂದು ಬಿತ್ತು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅತ್ತೆಗೆ ಸಿಟ್ಟೇನೂ ಬರಲಿಲ್ಲ. "ನೋಡಿದ್ಯೇನೇ, ಬಣ್ಣ ಒಂಚೂರೂ ಹೋಗಿಲ್ಲ" ಎಂದು ಮೆಚ್ಚಿಕೊಂಡು ಮತ್ತೆ ಬೀರುವಿಗೆ ಸೇರಿಸಿದರು.

ಗಂಡಸರ ಲೋಕದಲ್ಲಿ ಈ ಕೆಲಸವನ್ನು ದೀಪಾವಳಿಯ ಸೋನ್ ಪಾಪ್ಡಿ ಡಬ್ಬಿ ಮಾಡುತ್ತದೆ. ಕಣಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ, ಸೋನ್ ಪಾಪ್ಡಿಗೆ ಇದೆ. ಹಾಗಾಗಿ ಅದರ ಓಡಾಟದಲ್ಲಿ ಸ್ವಲ್ಪ ಅವಸರ ಕಾಣುತ್ತದೆ. ನಮ್ಮನೆಯವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಕಾಲಕ್ಕೆ ಹಬ್ಬದ ಹಿಂದಿನ ದಿನ ಮನೆಯ ಪಡಸಾಲೆಯಲ್ಲಿ ಡಬ್ಬಿಗಳ ಗೋಪುರವೇ ಏಳುತ್ತಿತ್ತು. ಸಂಜೆಯೊಳಗೆ ಅದನ್ನು ಕರಗಿಸುವ ಕೆಲಸ ನನ್ನದು. ಇದು ಅವರಿಗೆ, ಅದು ಇವರಿಗೆ, ಗೋಡಂಬಿ ಇರುವುದು ಡಾಕ್ಟರಿಗೆ. ಒಮ್ಮೆ ನಮ್ಮಿಂದ ಹೋದ ಡಬ್ಬಿಯೊಳಗೆ ಬೇರೊಬ್ಬ ಮ್ಯಾನೇಜರರಿಗೆ ಶುಭ ಕೋರಿದ ಚೀಟಿ ಇತ್ತೆಂದು ಆಮೇಲೆ ತಿಳಿಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅವರು ನಮಗೆ ಕಳಿಸಿದ ಡಬ್ಬಿಯಲ್ಲೂ ಅಂಥದೇ ಒಂದು ಚೀಟಿ ಇತ್ತು.

ಇಂಥ ನೆಮ್ಮದಿಯ ವ್ಯವಸ್ಥೆಗೆ ಕಲ್ಲು ಹಾಕಿದವಳು ನನ್ನ ನಾದಿನಿ. ಅವಳಿರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿ ಡಿಸೆಂಬರ್ ಬಂದರೆ ಊರಿಗೆ ಊರೇ ಉಡುಗೊರೆ ಕೊಳ್ಳಲು ಬೀದಿಗಿಳಿಯುತ್ತದಂತೆ. ಅದರ ನಡುವೆ ಕೆಲವರು, ದೊಡ್ಡ ಅಂಗಡಿ ಬೇಡ, ಕೈಯಾರೆ ಮಾಡಿದವರಿಂದಲೇ ಕೊಳ್ಳೋಣ, ಇಲ್ಲವೇ ನಾಲ್ಕು ಜನಕ್ಕೆ ಒಳ್ಳೆಯದು ಮಾಡುವ ಸಂಸ್ಥೆಯಿಂದ ಕೊಳ್ಳೋಣ ಎಂದು ವ್ರತ ಹಿಡಿಯುತ್ತಾರಂತೆ. ಇವಳೂ ಹಿಡಿದಳು. ಫೋನಿನಲ್ಲಿ ಹೇಳಿದಳು: "ಅತ್ತಿಗೆ, ಈ ಸಲ ದಯವಿಟ್ಟು ಡ್ರೈ ಫ್ರೂಟ್ಸ್ ಕಳಿಸ್ಬೇಡಿ. ಯಾರಾದ್ರೂ ಕಲಾವಿದರು ಮಾಡಿದ್ದು, ಇಲ್ಲಾ ಅಂದ್ರೆ ದುಡ್ಡು ಒಳ್ಳೇ ಕೆಲ್ಸಕ್ಕೆ ಹೋಗೋ ಅಂಥದ್ದು ಏನಾದ್ರೂ ಹುಡುಕಿ."

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಅದೇನು ಅಮೆರಿಕಾದಲ್ಲಿ ಕಂಡುಹಿಡಿದಿದ್ದಾ? ಮೊರದ ಬಾಗಿನ ಅಂದ್ರೆ ಮತ್ತೇನು?" ಎಂದರು.

ಮಾತು ಸುಳ್ಳಲ್ಲ. ಗೌರಿ ಹಬ್ಬದ ಬಾಗಿನವನ್ನು ಒಮ್ಮೆ ಬಿಚ್ಚಿ ನೋಡಿದರೆ ಒಂದು ಊರಿನ ಕಸುಬುಗಳೆಲ್ಲ ಅದರೊಳಗೆ ಕೂತಿರುತ್ತವೆ. ಜೋಡಿ ಮೊರ ಹೆಣೆಯುವವರು ಮೇದರು. ಬಳೆ ಬಳೆಗಾರರದು. ಬಳೆಬಿಚ್ಚೋಲೆ, ಕರಿಮಣಿ, ಬಾಚಣಿಗೆ, ಕನ್ನಡಿ ಒಂದೊಂದಕ್ಕೂ ಒಬ್ಬೊಬ್ಬರು ಇದ್ದರು. ಕಣದ ಹಿಂದೆ ನೇಕಾರ, ಬೆಲ್ಲದಚ್ಚಿನ ಹಿಂದೆ ಆಲೆಮನೆಯವನು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಗೋ ಹೋದರೆ ಫುಟ್‌ಪಾತಿನ ಮೇಲೆ ಆಳೆತ್ತರ ಪೇರಿಸಿಟ್ಟ ಹಸಿ ಬಿದಿರಿನ ಮೊರಗಳ ವಾಸನೆ ಮೂಗಿಗೆ ಬಡಿಯುತ್ತದೆ. ವರ್ಷವೆಲ್ಲ ಯಾರೂ ಕೇಳದ ಮೊರಕ್ಕೆ ಆ ನಾಲ್ಕು ದಿನ ಬೇಡಿಕೆ. ಅಕ್ಕಿ ಪ್ಯಾಕೆಟ್ಟಿನಲ್ಲಿ ಬರತೊಡಗಿದ ಮೇಲೆ ಕೇರುವ ಕೆಲಸವೇ ಹೋಯಿತು. ಹೀಗಾಗಿ ಪಟ್ಟಣಗಳ ಮಟ್ಟಿಗೆ ಮೊರವನ್ನು ಬದುಕಿಸಿಟ್ಟಿರುವುದು ಗೌರಿಯೊಬ್ಬಳೇ. ಈಚೆಗೆ ಪ್ಲಾಸ್ಟಿಕ್ಕಿನ ಪುಟಾಣಿ ಮೊರಗಳೂ ಬಂದಿವೆ, ಗುಲಾಬಿ ಬಣ್ಣದವು. ಅದರಲ್ಲಿ ಬಾಗಿನ ಕೊಟ್ಟರೆ ಗೌರಿ ಏನೆಂದುಕೊಳ್ಳುತ್ತಾಳೋ ಕಾಣೆ; ಅತ್ತೆಯಂತೂ ಕೊಟ್ಟವರನ್ನು ಮುಂದಿನ ವರ್ಷ ಕರೆಯುವುದಿಲ್ಲ.

ಆದರೆ ನ್ಯೂಜೆರ್ಸಿಗೆ ಮೊರ ಕಳಿಸುವ ಹಾಗಿಲ್ಲ. ಹಾಗಾಗಿ ನಾವು, ಅಂದರೆ ನಾನು ಮತ್ತು ನಿವೃತ್ತರಾದ ಮೇಲೆ ಎಲ್ಲಿಗೆ ಕರೆದರೂ ಹೊರಟು ನಿಲ್ಲುವ ನಮ್ಮನೆಯವರು, ಹುಡುಕಾಟಕ್ಕೆ ಇಳಿದೆವು.

ಶುರುವಾದದ್ದು ಮನೆಯ ಬಾಗಿಲಲ್ಲೇ. ದೀಪಾವಳಿಯ ಮುಂಚಿನ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ವಿಶೇಷ ಮಕ್ಕಳ ಶಾಲೆಯೊಂದರವರು ಮೇಜು ಹಾಕಿಕೊಂಡು ಹಣತೆ ಮಾರಲು ಕೂತಿದ್ದರು. ಮಕ್ಕಳೇ ಬಣ್ಣ ಬಳಿದ ಹಣತೆಗಳು. ಅಂಚಿನಲ್ಲಿ ಬಿಳಿ ಚುಕ್ಕೆ, ಒಳಗೆ ಅರಿಶಿನ ಬಣ್ಣ. ಚುಕ್ಕೆಗಳನ್ನು ಇಟ್ಟವರು ಅಳತೆ ತಪ್ಪದಂತೆ ಇಟ್ಟಿದ್ದರು. ನಮ್ಮ ಮನೆಯ ಮುಂದೆ ನಾನಿಡುವ ರಂಗೋಲಿಯ ಚುಕ್ಕೆಗಳಿಗೆ ಅಂಥ ಶಿಸ್ತಿಲ್ಲ. ಹಣ ತೆಗೆದುಕೊಳ್ಳಲು ಹದಿನಾರು ಹದಿನೇಳರ ಹುಡುಗನೊಬ್ಬ ಕೂತಿದ್ದ. ನಾಲ್ಕನೇ ಮಹಡಿಯ ಆಂಟಿ ಒಂದು ಡಜನ್ ತೆಗೆದುಕೊಂಡು ಐನೂರರ ನೋಟು ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ "ಚಿಲ್ಲರೆ ಇಟ್ಕೋ ಮರಿ, ಪಾಪ" ಎಂದು ಹೊರಟರು. ಹುಡುಗ ಎದ್ದು ನಿಂತ. "ಆಂಟಿ, ಚಿಲ್ಲರೆ" ಎಂದ. "ಇರ್ಲಿ ಇರ್ಲಿ" ಎಂದರು. ಅವನು ಕೂರಲಿಲ್ಲ. ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ಗಟ್ಟಿಯಾಗಿ ಎಣಿಸಿ, ಎಣಿಕೆ ತಪ್ಪಿತೆಂದು ಮತ್ತೆ ಮೊದಲಿಂದ ಎಣಿಸಿ, ಅವರು ಬಂದು ಕೈಯೊಡ್ಡಿ ತೆಗೆದುಕೊಳ್ಳುವ ತನಕ ಮುಂದಿನ ಗಿರಾಕಿಯ ಕಡೆ ತಿರುಗಿಯೂ ನೋಡಲಿಲ್ಲ. ಸಾಲು ಲಿಫ್ಟಿನವರೆಗೆ ಬೆಳೆಯಿತು. ನಮ್ಮನೆಯವರ ಸರದಿ ಬಂದಾಗ ಅವರು ಅಭ್ಯಾಸಬಲದಿಂದ "80ಜಿ ರಸೀದಿ ಕೊಡ್ತೀರಾ?" ಎಂದು ಕೇಳಿದರು. ಜೊತೆಗಿದ್ದ ಟೀಚರ್ ನಕ್ಕು, "ಸರ್, ದಾನ ಕೊಟ್ರೆ ರಸೀದಿ. ಇದು ದಾನ ಅಲ್ಲ, ನೀವು ಹಣತೆ ತಗೊಂಡಿದೀರಿ. ಬಿಲ್ ಕೊಡ್ತೀನಿ" ಎಂದರು. ಆದಾಯ ತೆರಿಗೆಯ ಕಾನೂನೂ ಅದನ್ನೇ ಹೇಳುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡು ಸುಮ್ಮನೆ ಬಂದರು.

ಆ ಹುಡುಗನ ಪಕ್ಷದಲ್ಲಿ ದೊಡ್ಡ ಸಾಕ್ಷಿಗಳೇ ಇವೆ. ಬಾಯಲ್ಲಿ, ಕಾಲಲ್ಲಿ ಕುಂಚ ಹಿಡಿದು ಚಿತ್ರ ಬರೆಯುವ ಕಲಾವಿದರ ಶುಭಾಶಯ ಪತ್ರಗಳನ್ನು ನೀವು ನೋಡಿರಬಹುದು. ಅವರ ಅಂತರರಾಷ್ಟ್ರೀಯ ಸಂಘವನ್ನು 1950ರ ದಶಕದಲ್ಲಿ ಕಟ್ಟಿದವರು ಜರ್ಮನಿಯ ಎರಿಕ್ ಸ್ಟೆಗ್‌ಮನ್. ಎಳವೆಯಲ್ಲೇ ಪೋಲಿಯೋದಿಂದ ಎರಡೂ ತೋಳುಗಳ ಬಲ ಕಳೆದುಕೊಂಡು ಬಾಯಲ್ಲಿ ಕುಂಚ ಕಚ್ಚಿ ಚಿತ್ರ ಬರೆದವರು. ಸಂಘದ ನಿಲುವು ಮೊದಲಿನಿಂದಲೂ ಒಂದೇ: ಇದು ದತ್ತಿಯಲ್ಲ, ನಮ್ಮ ದುಡಿಮೆ. ಚಿತ್ರ ಚೆನ್ನಾಗಿದ್ದರೆ ಕೊಳ್ಳಿ. ಯೂನಿಸೆಫ್ ಕಾರ್ಡುಗಳ ಕತೆ ಇನ್ನೂ ಸೊಗಸು. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಹಳ್ಳಿಯೊಂದರ ಮಕ್ಕಳಿಗೆ ಯೂನಿಸೆಫ್‌ನಿಂದ ಹಾಲು, ಔಷಧಿ ಹೋಗಿತ್ತು. ಯಿಟ್ಕಾ ಸಮ್‌ಕೋವಾ ಎಂಬ ಏಳು ವರ್ಷದ ಹುಡುಗಿ ಅದಕ್ಕೆ ಥ್ಯಾಂಕ್ಸ್ ಹೇಳಲು ಚಿತ್ರ ಬರೆದಳು. ಊರಲ್ಲಿ ಕಾಗದವಿರಲಿಲ್ಲವೆಂದು ಗಾಜಿನ ಚೂರಿನ ಮೇಲೆ ಬರೆದಳು. ಕಂಬವೊಂದರ ಸುತ್ತ ಕುಣಿಯುವ ಮಕ್ಕಳ ಚಿತ್ರ. 1949ರಲ್ಲಿ ಅದೇ ಯೂನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು. ನಮ್ಮ ಮಾವನವರು ಹೊಸ ವರ್ಷಕ್ಕೆ ಆ ಕಾರ್ಡುಗಳನ್ನೇ ಕೊಳ್ಳುತ್ತಿದ್ದರು, ಅಂಚೆ ಚೀಟಿಯನ್ನು ನೆಟ್ಟಗೆ ಅಂಟಿಸುವುದರಲ್ಲಿ ಡಿಸೆಂಬರಿನ ಎಷ್ಟೋ ಸಂಜೆಗಳನ್ನು ಕಳೆಯುತ್ತಿದ್ದರು. ಈಗ ಫೋನಿಗೆ ಬಂದ ಶುಭಾಶಯವನ್ನೇ ಬಂದ ವೇಗದಲ್ಲೇ ಮುಂದಕ್ಕೆ ತಳ್ಳುತ್ತೇವೆ. ಕಣದ ಕತೆಯೇ, ಮಡಿಕೆ ಬಿಚ್ಚುವ ಪ್ರಶ್ನೆಯೂ ಇಲ್ಲ.

ನನಗೆ ಅನುಮಾನ ಬರುವುದು ಇನ್ನೊಂದು ಬಗೆಯ ಸತ್ಕಾರ್ಯದ ಮೇಲೆ. ಶಾಂಪೂ ಬಾಟಲಿಯಿಂದ ಹಿಡಿದು ಚಾಕೊಲೇಟ್ ಡಬ್ಬದವರೆಗೆ ಹಬ್ಬದ ಸೀಸನ್ನಿನಲ್ಲಿ ಎಲ್ಲದರ ಮೇಲೂ "ನಿಮ್ಮ ಖರೀದಿಯ ಒಂದು ಭಾಗ ಸಮಾಜಸೇವೆಗೆ" ಎಂದು ಬರೆದಿರುತ್ತದೆ. ಯಾವ ಭಾಗ, ಎಷ್ಟು ಭಾಗ, ಯಾರ ಸೇವೆಗೆ ಎಂದು ಹುಡುಕಿದರೆ ಬಾರ್‌ಕೋಡ್ ಬಿಟ್ಟು ಬೇರೆ ಸಿಗುವುದಿಲ್ಲ. ಕೊಡುವ ಮನಸ್ಸಿದ್ದರೆ ಸಂಸ್ಥೆಗೆ ನೇರವಾಗಿ ಚೆಕ್ ಬರೆಯಬಹುದು. ಅಲ್ಲಾದರೆ ನಮ್ಮನೆಯವರ 80ಜಿ ರಸೀದಿಯೂ ಸಿಕ್ಕೀತು. ಚಾಕೊಲೇಟ್ ತಿನ್ನುವ ಆಸೆಯಿದ್ದರೆ ಆಸೆಯಿದೆ ಎಂದೇ ಹೇಳಿ ತಿನ್ನುವುದು ಒಳ್ಳೆಯದು.

ಕಲಾವಿದರನ್ನು ಹುಡುಕಬೇಕೆಂದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಗೆ ಹೋಗಿ ನಿಂತರೆ ಸಾಕು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆ ಅಂದು ಆ ಇಡೀ ರಸ್ತೆಯನ್ನು ಆಕ್ರಮಿಸಿಕೊಳ್ಳುತ್ತದೆ. ವಾಹನಗಳಿಗೆ ಪ್ರವೇಶವಿಲ್ಲ, ಚಿತ್ರಗಳಿಗೆ ಉಂಟು. ನೂರಿನ್ನೂರು ರೂಪಾಯಿಯಿಂದ ಲಕ್ಷದವರೆಗಿನ ಕ್ಯಾನ್ವಾಸುಗಳು ಒಂದರ ಪಕ್ಕ ಒಂದು, ಜಾತಿಭೇದವಿಲ್ಲದೆ, ಫುಟ್‌ಪಾತಿನ ಕಂಬಿಗೆ ಒರಗಿಕೊಂಡಿರುತ್ತವೆ. ಮಾರಲು ಕೂತವರು ಚಿತ್ರ ಬರೆದವರೇ. ನಡುವೆ ದಲ್ಲಾಳಿ ಇಲ್ಲ, ಗ್ಯಾಲರಿಯ ಹವಾನಿಯಂತ್ರಿತ ಮೌನವೂ ಇಲ್ಲ. ಕಡಲೆಕಾಯಿ ತಿನ್ನುತ್ತಾ ಅಮೂರ್ತ ಕಲೆಯನ್ನು ನೋಡುವ ಸ್ವಾತಂತ್ರ್ಯ ನನಗೆ ತಿಳಿದಂತೆ ಇಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದು.

ಆ ರಸ್ತೆಯಲ್ಲಿ ನಡೆದವರಿಗೆ ನಮ್ಮ ಜನರ ಕಲಾಭಿರುಚಿಯ ಗುಟ್ಟೂ ಗೊತ್ತಾಗುತ್ತದೆ. ಓಡುವ ಏಳು ಕುದುರೆಗಳಿಗೆ ಸದಾ ಗಿರಾಕಿ. ಅವು ಯಾವ ದಿಕ್ಕಿಗೆ ಓಡುತ್ತಿವೆ ಎಂಬುದು ಕಲಾವಿಮರ್ಶೆಯ ಪ್ರಶ್ನೆಯಲ್ಲ, ವಾಸ್ತುವಿನದು. ಕಣ್ಣು ಮುಚ್ಚಿದ ಬುದ್ಧ ಎಷ್ಟಿದ್ದರೂ ಸಾಲದು, ಗಣೇಶನಂತೂ ಯಾವ ಶೈಲಿಗೂ ಒಗ್ಗುತ್ತಾನೆ. ನಮ್ಮನೆಯವರು ಟೇಪು ತಂದಿದ್ದರು. ಸೋಫಾದ ಮೇಲಿನ ಗೋಡೆಯ ಉದ್ದಗಲ ಚೀಟಿಯಲ್ಲಿ ಬರೆದುಕೊಂಡಿದ್ದರು. ಅಳತೆಗೆ ಸರಿಹೋದ ಚಿತ್ರದ ಬಣ್ಣ ಸೋಫಾಕ್ಕೆ ಹೊಂದುವುದಿಲ್ಲ, ಬಣ್ಣ ಹೊಂದಿದ್ದು ಮೂರಂಗುಲ ಹೆಚ್ಚು. ಕಲಬುರಗಿ ಕಡೆಯಿಂದ ಬಂದಿದ್ದ ಹುಡುಗನೊಬ್ಬನ ಮುಂದೆ ನಿಂತು, "ಇದನ್ನೇ ಸ್ವಲ್ಪ ಸಣ್ಣದು ಮಾಡಿ ಕೊಡೋಕಾಗುತ್ತಾ?" ಎಂದು ಕೇಳಿದರು. ಅವನು ಬಲು ವಿನಯದಿಂದ, "ಗೋಡಿ ಸ್ವಲ್ಪ ದೊಡ್ಡದ್ ಮಾಡ್ರಿ ಸರ್" ಎಂದ.

ಚೌಕಾಸಿ ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಆರು ಸಾವಿರ ಹೇಳಿದರೆ ಎರಡಕ್ಕೆ ಕೇಳುವವರಿದ್ದಾರೆ. "ಬರೀ ಕಪ್ಪು ಬಿಳುಪು ತಾನೇ, ಬಣ್ಣ ಕೂಡ ಹಾಕಿಲ್ಲ" ಎಂದು ವಾದಿಸಿದ ಮಹನೀಯರೊಬ್ಬರನ್ನು ಕಣ್ಣಾರೆ ಕಂಡೆ. ಇನ್ನು ಕೆಲವರು ಕೇಳುವುದೂ ಇಲ್ಲ; ಫೋನಿನಲ್ಲಿ ಚಿತ್ರದ ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಮನೆಗೆ ಹೋಗಿ ಪ್ರಿಂಟ್ ಹಾಕಿಸುತ್ತಾರೋ ಏನೋ. ದಿನವಿಡೀ ಬಿಸಿಲಿನಲ್ಲಿ ಕೂತ ಕಲಾವಿದ ಸಂಜೆ ಅಷ್ಟೂ ಚಿತ್ರಗಳನ್ನು ಮತ್ತೆ ಪೇಪರಿನಲ್ಲಿ ಸುತ್ತಿ ರಾತ್ರಿಯ ಬಸ್ಸಿಗೆ ಏರಿಸುವುದನ್ನು ನೋಡುವಾಗ, ಅಷ್ಟೊಂದು ಮೆಚ್ಚುಗೆಯಲ್ಲಿ ಸ್ವಲ್ಪ ಭಾಗ ನಗದಾಗಿ ಸಿಕ್ಕಿದ್ದರೆ ಎನಿಸುತ್ತದೆ. ನಾವು ಕೊನೆಗೆ ಕೊಂಡದ್ದು ಪುಸ್ತಕದಷ್ಟು ಅಗಲದ ಒಂದು ಜಲವರ್ಣ. ಮಳೆಯಲ್ಲಿ ನಿಂತ ಸಿಟಿ ಬಸ್ಸು, ಅದರ ಕಿಟಕಿಯಲ್ಲಿ ಅರ್ಧ ಮುಖ. ಅದು ನಾದಿನಿಗೆಂದು ಕೊಂಡದ್ದು, ಈಗ ನಮ್ಮ ಊಟದ ಮನೆಯಲ್ಲಿದೆ. ನಾದಿನಿಗೆ ಹೇಳಿಲ್ಲ.

ಬೀದರಿಗೆ ಹೋದದ್ದು ಬೇರೆ ಕಾರಣಕ್ಕೆ, ಸಂಬಂಧಿಕರ ಮದುವೆಗೆ. ಬ್ಯಾಂಕಿನ ಗೆಳೆಯರೊಬ್ಬರು ನಿವೃತ್ತರಾಗುವವರಿದ್ದರು, ಅವರಿಗೂ ಏನಾದರೂ ಕೊಡಬೇಕಿತ್ತು. ಜೀವಮಾನವೆಲ್ಲ ಗಡಿಯಾರ ನೋಡಿಕೊಂಡು ದುಡಿದವನಿಗೆ, ಇನ್ನು ಗಡಿಯಾರ ನೋಡುವ ಅಗತ್ಯವೇ ಇಲ್ಲ ಎನ್ನುವ ದಿನ ಗೋಡೆ ಗಡಿಯಾರ ಕೊಡುವ ಪದ್ಧತಿಯನ್ನು ಯಾರು ಶುರು ಮಾಡಿದರೋ. ನಮ್ಮ ಮನೆಯಲ್ಲೇ ಅಂಥವು ಕೋಣೆಗೊಂದರಂತೆ ಇವೆ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಬಿದರಿ ಕೆಲಸ ಮಾಡುವವರ ಕೋಣೆಯಲ್ಲಿ ಕೂತು ನೋಡಿದ ಮೇಲೆ ಗಡಿಯಾರದ ಆಲೋಚನೆ ಬಿಟ್ಟೇ ಹೋಯಿತು.

ಬಿದರಿಯ ಲೋಹದಲ್ಲಿ ಬಹುಪಾಲು ಸತು, ಹದಿನಾರು ಪಾಲಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು ಉಜ್ಜಿದ ಹೂಜಿ ಮೊದಲಿಗೆ ಬಡ ಪಾತ್ರೆಯಂತೆ ಬೂದು ಬಣ್ಣಕ್ಕಿರುತ್ತದೆ. ಅದರ ಮೇಲೆ ಸಣ್ಣ ಉಳಿಯಲ್ಲಿ ಬಳ್ಳಿ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಈ ಹಂತದಲ್ಲಿ ಬೂದು ಲೋಹದ ಮೇಲೆ ಬೆಳ್ಳಿ ಕಾಣುವುದೇ ಇಲ್ಲ. ಮಾಯೆ ಇರುವುದು ಕೊನೆಗೆ. ಬೀದರ್ ಕೋಟೆಯೊಳಗೆ ಬಹುಕಾಲ ಬಿಸಿಲು ಮಳೆ ಸೋಕದ ಜಾಗದ ಮಣ್ಣು ತಂದು, ನವಸಾಗರ ಬೆರೆಸಿ ನೀರಲ್ಲಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದಿ ತೆಗೆದರೆ ಲೋಹವೆಲ್ಲ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ. ಮಣ್ಣು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನುರಿತ ಕೆಲಸಗಾರರು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಸಾಂಬಾರಿನ ಉಪ್ಪು ನೋಡುವ ಕೆಲಸವನ್ನೇ ಸೊಸೆಗೆ ಬಿಟ್ಟುಕೊಡದ ನಮ್ಮ ಅತ್ತೆಗೆ ಈ ವಿಷಯ ಹೇಳಿದಾಗ ಆ ಕುಶಲಕರ್ಮಿಗಳ ಮೇಲೆ ಅವರಿಗೆ ಅಪಾರ ಗೌರವ ಹುಟ್ಟಿತು. ಈ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಗೆಳೆಯರಿಗೆ ನಾವು ಕೊಂಡದ್ದು ಪುಟ್ಟ ಬಟ್ಟಲೊಂದು. ಅವರು ಅದರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಹಾಕಿಟ್ಟುಕೊಳ್ಳುತ್ತಾರಂತೆ, ದಿನಕ್ಕೆರಡು ಸಲ ಕೈಗೆ ತೆಗೆದುಕೊಳ್ಳುತ್ತಾರಂತೆ. ಶೋಕೇಸಿಗೆ ಬೀಗ ಹಾಕಿಸಿಕೊಳ್ಳುವುದಕ್ಕಿಂತ ಬಟ್ಟಲಿಗೆ ಇದು ಒಳ್ಳೆಯ ಗತಿ ಎಂದೇ ನನ್ನ ಎಣಿಕೆ.

ಕರಕುಶಲ ವಸ್ತುಗಳನ್ನು ಕರುಣೆಯ ಕಪಾಟಿನಿಂದ ಇಳಿಸಿ ಮಾರುಕಟ್ಟೆಗೆ ತರಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿದಾಗ ಅದರ ಚುಕ್ಕಾಣಿ ಹಿಡಿದು, ದೇಶದ ಮೂಲೆಮೂಲೆಗೆ ಅಲೆದು, ಮಾಡುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಿದರು. ನಮ್ಮ ಕಾಲಕ್ಕೆ ಬಂದರೆ ಸಾಗರ ತಾಲ್ಲೂಕಿನಲ್ಲಿ, ಹೆಗ್ಗೋಡಿನ ಮಗ್ಗುಲಿನ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಘವಿದೆ. ಹಳ್ಳಿಯ ಹೆಣ್ಣುಮಕ್ಕಳೇ ಬಣ್ಣ ಹಾಕಿ, ನೇಯ್ದು, ಹೊಲಿಯುವ ಬಟ್ಟೆ 'ದೇಸಿ' ಅಂಗಡಿಗಳಿಗೆ ಬರುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ಅಲ್ಲಿ ಬಟ್ಟೆಯ ಬಣ್ಣವಾಗುತ್ತದೆ. ಕೈಗೆ ತಾಗಿದರೆ ದಿನಗಟ್ಟಲೆ ಹೋಗದ ಆ ಕೆಂಗಂದು ಅಂಗಿಯನ್ನು ಬಿಟ್ಟೀತೇ. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆಯೇ ಇರಬಾರದೆಂದು ಪ್ರಸನ್ನ ಕರ ನಿರಾಕರಣೆ ಸತ್ಯಾಗ್ರಹ ಹೂಡಿ ಉಪವಾಸ ಕೂತರು. ನಮ್ಮನೆಯವರಿಗೆ ಚರಕದ ಅಂಗಿ ಹಾಕಿದಾಗಲೆಲ್ಲ ಆ ವಿಷಯ ನೆನಪಾಗಿ, ಎದುರಿಗೆ ಸಿಕ್ಕವರಿಗೆ ತೆರಿಗೆ ನೀತಿಯ ಪಾಠ ಶುರುವಾಗುತ್ತದೆ. ಅಂಗಿಯ ದೋಷ ಅದೊಂದೇ.

ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯದು ಬೇರೆ ವೈಭವ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, ನಾನೂರೈವತ್ತಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ತುಂಡುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆ ಒಳ್ಳೆಯದೇ. ಆದರೆ ದಾಖಲೆಯ ಪ್ರಮಾಣಪತ್ರ ಮನೆಗೆ ಅಕ್ಕಿ ತರುವುದಿಲ್ಲ. ಕನ್ನಡಿ ಕೂರಿಸಿದ ಆ ಚೀಲಗಳನ್ನು ಜನ ಕೊಳ್ಳಬೇಕು.

ಈ ಓಡಾಟದ ನಡುವೆ ಅತ್ತೆಯ ಸಾಮ್ರಾಜ್ಯದಲ್ಲೂ ಒಂದು ಕ್ರಾಂತಿಯಾಯಿತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಿಂದ ಪರಿಚಯದವರೊಬ್ಬರು ಕೈಮಗ್ಗದ ಖಣಗಳನ್ನು ತಂದುಕೊಟ್ಟರು. ಉತ್ತರ ಕರ್ನಾಟಕದಲ್ಲಿ ಇಳಕಲ್ಲು ಸೀರೆಯ ಮೇಲೆ ತೊಡುವುದು ಇದನ್ನೇ. ಅಂಗೈ ಅಗಲದಲ್ಲಿ ಹತ್ತಾರು ಸಲ ಮೂಡುವ ಪುಟ್ಟ ಪುಟ್ಟ ತೇರು, ಆನೆ ಹೆಜ್ಜೆ. ಒಂದು ಕಡೆಯಿಂದ ನೋಡಿದರೆ ನೇರಳೆ, ವಾಲಿಸಿದರೆ ಕೆಂಪು. ಅತ್ತೆ ವರಮಹಾಲಕ್ಷ್ಮಿಯ ದಿನ ಅದನ್ನೇ ಎಲ್ಲರಿಗೂ ಕೊಟ್ಟರು. ಹಿಂದಿನಂತೆಯೇ ಒಂದರ ಅಂಚಿಗೆ ಕೆಂಪು ದಾರದ ಗುರುತನ್ನೂ ಹಾಕಿದ್ದರು. ಅದು ಮರಳಿ ಬರಲೇ ಇಲ್ಲ. ದಸರಾಕ್ಕೆ ಪಕ್ಕದ ಬೀದಿಯವರ ಮನೆಗೆ ಹೋದಾಗ ಅವರ ಸೊಸೆ ಅದನ್ನು ಹೊಲಿಸಿ ಹಾಕಿಕೊಂಡಿದ್ದಳು. ಅತ್ತೆ ಮನೆಗೆ ಬಂದವರೇ ನನ್ನನ್ನು ಕರೆದು, "ಅಲ್ವೇ, ಅವಳು ಅದನ್ನ ಹೊಲಿಸೇಬಿಟ್ಟಿದಾಳೆ!" ಎಂದರು. ಕಾನೂನೊಂದನ್ನು ಯಾರೋ ಮುರಿದರೆಂಬ ಗಾಬರಿ ದನಿಯಲ್ಲಿತ್ತು. ಮುಖದಲ್ಲಿ ಮಾತ್ರ ಸಂತೋಷ ಮುಚ್ಚಿಡಲು ಆಗುತ್ತಿರಲಿಲ್ಲ. ಮರುದಿನವೇ ಇನ್ನಷ್ಟು ಖಣಗಳಿಗೆ ಹೇಳಿ ಕಳಿಸಿದರು.

ಇಷ್ಟಾದರೂ ನಾದಿನಿಯ ಉಡುಗೊರೆ ಬಾಕಿಯೇ ಉಳಿದಿತ್ತು. ಅವಳ ಮಗಳಿಗೆ ಮಗುವಾಗಿತ್ತು, ಆರು ತಿಂಗಳಿನದು. ಮಗುವಿಗೆ ಏನನ್ನು ಕೊಟ್ಟರೂ ಬಾಯಿಗೇ ಹೋಗುತ್ತದೆ ಎಂದು ಅವಳು ಎಚ್ಚರಿಸಿದ ಮೇಲೆ ದಾರಿ ಸುಲಭವಾಯಿತು. ಚನ್ನಪಟ್ಟಣ.

ಚನ್ನಪಟ್ಟಣದ ಆಟಿಕೆ ಆಗುವುದು ಆಲೆ ಮರದಿಂದ. ಹಾಲಿನ ಬಣ್ಣದ ಮೃದು ಮರ. ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಹಿಡಿದರೆ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಬುಡದಲ್ಲಿ ಬೀಳುತ್ತದೆ. ರೂಪ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಕುಂಚವಿಲ್ಲ, ಡಬ್ಬವಿಲ್ಲ. ತಿಕ್ಕಾಟದ ಬಿಸಿಗೆ ಅರಗು ಕರಗಿ ತಾನೇ ಹರಡಿಕೊಳ್ಳುತ್ತದೆ. ಆಮೇಲೆ ತಾಳೆಗರಿಯ ತುಂಡೊಂದನ್ನು ಮಡಚಿ ಒತ್ತಿದರೆ, ಮಂಕಾಗಿದ್ದ ಕೆಂಪು ಕಣ್ಣೆದುರಿಗೇ ಹೊಳಪಾಗುತ್ತದೆ. ನಾವು ನೋಡುತ್ತಿದ್ದಾಗ ಹಿರಿಯ ಕೆಲಸಗಾರರೊಬ್ಬರು ಗಿಲಕಿಯೊಂದರ ಹಿಡಿಗೆ ಹಳದಿ ಪಟ್ಟಿ ಹಾಕುತ್ತಿದ್ದರು. ಕಡ್ಡಿ ಮುಟ್ಟಿಸಿ ತೆಗೆಯುವುದು ರೆಪ್ಪೆ ಬಡಿಯುವಷ್ಟು ಹೊತ್ತು, ಪಟ್ಟಿ ಮಾತ್ರ ಗೆರೆ ಎಳೆದಷ್ಟು ನೇರ. "ಮಗು ಬಾಯಿಗೆ ಹಾಕ್ಕೊಂಡ್ರೆ?" ಎಂದೆ. "ಹಾಕ್ಕೊಳ್ಲಿ ಬುಡಿ ಅಮ್ಮಾ, ಇದು ಅರಿಶಿನದ ಹಳದಿ. ನೀವು ಸಾರಿಗೆ ಹಾಕಲ್ವಾ?" ಎಂದರು. ಎಲ್ಲ ಅಂಗಡಿಯ ಬಣ್ಣವೂ ಅರಿಶಿನದ್ದೇ ಆಗಿರುವುದಿಲ್ಲ, ಕೇಳಿ ಕೊಳ್ಳಬೇಕು. ಟಿಪ್ಪುವಿನ ಕಾಲದಿಂದ ಬಂದ ಕಸುಬೆಂದು ಊರಿನವರು ಹೇಳುತ್ತಾರೆ. ಈಗ ಭೌಗೋಳಿಕ ಗುರುತಿನ ಮುದ್ರೆಯೂ ಇದೆ.

ಇಲ್ಲದಿರುವುದು ಗಿರಾಕಿ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ 118 ಕಿಲೋಮೀಟರನ್ನು ಜನ ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ಹೊಸ ರಸ್ತೆ ಬಿಡದಿಯನ್ನೂ ಚನ್ನಪಟ್ಟಣವನ್ನೂ ಮದ್ದೂರನ್ನೂ ಮುಟ್ಟದೆ ಪಕ್ಕಕ್ಕೆ ಸರಿದು ಹೋಗುತ್ತದೆ. ಮದ್ದೂರು ವಡೆ ತಪ್ಪಿಹೋಯಿತೆಂದು ನಾಡಿನಲ್ಲಿ ದೊಡ್ಡ ಶೋಕಾಚರಣೆಯೇ ನಡೆಯಿತು, ತಟ್ಟೆ ಇಡ್ಲಿಗಾಗಿ ಕಂಬನಿ ಮಿಡಿದವರೂ ಇದ್ದಾರೆ. ಹಳೆ ರಸ್ತೆಯ ಇಕ್ಕೆಲಗಳಲ್ಲಿ ಮರದ ಕುದುರೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುವ ಅಂಗಡಿಯವರಿಗಾಗಿ ಅಷ್ಟು ಜೋರಾಗಿ ಯಾರೂ ಅತ್ತ ಹಾಗೆ ಕಾಣೆ. ಮಕ್ಕಳು ಹಟ ಹಿಡಿದು ಕಾರು ನಿಲ್ಲಿಸುವುದರ ಮೇಲೆಯೇ ಆ ವ್ಯಾಪಾರ ನಿಂತಿತ್ತು. ದಶಪಥದಲ್ಲಿ ಹಟ ಹಿಡಿಯಲು ಮಕ್ಕಳಿಗೆ ಏನೂ ಕಾಣುವುದಿಲ್ಲ, ನಿಲ್ಲಿಸಲು ಅಪ್ಪನಿಗೆ ಜಾಗವೂ ಇಲ್ಲ.

ಗಿಲಕಿ ನ್ಯೂಜೆರ್ಸಿ ತಲುಪಿದೆ. ಮಗು ಅದನ್ನು ಸದಾ ಬಾಯಲ್ಲೇ ಇಟ್ಟುಕೊಂಡಿರುತ್ತದಂತೆ, ಕಸಿದರೆ ಅಳುತ್ತದಂತೆ. ಹಾಗಾಗಿ ಅದನ್ನು ಬೇರೆ ಯಾರಿಗೂ ದಾಟಿಸುವ ಸಂಭವವಿಲ್ಲ. ನೀವು ಈ ಹಬ್ಬಕ್ಕೆ ಮೈಸೂರಿಗೆ ಹೋಗುವವರಾದರೆ ಒಂದೇ ಒಂದು ಸಲ ಹಳೇ ರಸ್ತೆ ಹಿಡಿದು ನೋಡಿ. ಮುಕ್ಕಾಲು ಗಂಟೆ ತಡವಾಗಬಹುದು, ದಾರಿಯಲ್ಲಿ ವಡೆಯೂ ಸಿಗುತ್ತದೆ. ಚನ್ನಪಟ್ಟಣದಲ್ಲಿ ಇಳಿದು, ಲೇತಿನ ಸದ್ದು ಬರುವ ಓಣಿ ಯಾವುದೆಂದು ಕೇಳಿಕೊಂಡು ಹೋಗಿ, ನಿಮಗೆ ಇಷ್ಟವಾದದ್ದನ್ನು ಹೇಳಿದ ಬೆಲೆಗೆ ಕೊಳ್ಳಿ. ಇಷ್ಟವಾಗದಿದ್ದರೆ ಖಂಡಿತ ಬೇಡ. ಚೌಕಾಸಿ ಮಾಡಲೇಬೇಕೆಂದು ನಾಲಿಗೆ ತುರಿಸಿದರೆ, ವಾಪಸು ಬರುವಾಗ ದಶಪಥದ ಟೋಲ್ ಗೇಟಿನಲ್ಲಿ ಮಾಡಿ. ಅಲ್ಲಿ ಹತ್ತು ರೂಪಾಯಿ ಇಳಿಸಿಕೊಂಡು ಬಂದವರಿದ್ದರೆ ನನಗೂ ಒಂದು ಕಾರ್ಡು ಬರೆಯಿರಿ.